ವಿದ್ಯುನ್ಮಾನ ಮತದಾನದಲ್ಲಿ ಕಾಗದದ ಸಾಕ್ಷ್ಯ: ಅಗತ್ಯ, ಕಾನೂನು ಮತ್ತು ಎಣಿಕೆ

೧. ಪೀಠಿಕೆ

ಭಾರತದ ಚುನಾವಣೆಗಳಿಗೆ ಕರ್ನಾಟಕವು ಎರಡು ವಸ್ತುಗಳನ್ನು ಒದಗಿಸುತ್ತ ಬಂದಿದೆ. ಮೊದಲನೆಯದು ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ. ೧೯೬೨ರ ಮಹಾಚುನಾವಣೆಯಿಂದಲೂ ಇದು ಮೈಸೂರಿನ ಸರ್ಕಾರಿ ಬಣ್ಣದ ಕಾರ್ಖಾನೆಯಿಂದ ದೇಶದ ಮತಗಟ್ಟೆಗಳಿಗೆ ಹೋಗುತ್ತಿದೆ. ಎರಡನೆಯದು ವಿದ್ಯುನ್ಮಾನ ಮತಯಂತ್ರ. ಇದನ್ನು ತಯಾರಿಸುವ ಎರಡೇ ಸಾರ್ವಜನಿಕ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು. ಇನ್ನೊಂದು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್. ಶಾಯಿ ಮತ್ತು ಯಂತ್ರ ಎರಡೂ ಮೋಸವನ್ನು ತಡೆಯಲೆಂದೇ ಬಂದವು. ಆದರೆ ಇವೆರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಬೆರಳಿನ ಶಾಯಿಯನ್ನು ಯಾರು ಬೇಕಾದರೂ ಕಣ್ಣಾರೆ ಕಂಡು ಪರೀಕ್ಷಿಸಬಹುದು. ಯಂತ್ರದ ಒಳಗೆ ದಾಖಲಾದ ಮತವನ್ನು ಯಾರೂ ನೋಡಲಾರರು. ಯಂತ್ರವು ಹೇಳಿದ ಸಂಖ್ಯೆಯನ್ನು ನಂಬಬೇಕು, ಇಲ್ಲವೇ ನಂಬದಿರಬೇಕು.

ಈ ಕೊರತೆಯನ್ನು ತುಂಬಲು ಯಂತ್ರದ ಜೊತೆಗೆ ಕಾಗದದ ದಾಖಲೆಯೂ ಇರಬೇಕೆಂಬ ವಾದವು ಹಲವು ದೇಶಗಳಲ್ಲಿ ಕಾಣಿಸಿಕೊಂಡು, ಭಾರತದಲ್ಲಿ ೨೦೧೩ರಿಂದ ಕಾನೂನಿನ ರೂಪ ಪಡೆಯಿತು. ಆ ವಾದದ ತರ್ಕವೇನು, ನಮ್ಮಲ್ಲಿ ಅದು ಹೇಗೆ ಜಾರಿಗೆ ಬಂದಿತು, ಇನ್ನೂ ಯಾವ ಪ್ರಶ್ನೆಗಳು ಉಳಿದಿವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಕಾಗದವನ್ನು ಮುದ್ರಿಸುವುದು ಬೇರೆ, ಅದನ್ನು ಸಾಕ್ಷ್ಯವಾಗಿ ಬಳಸುವುದು ಬೇರೆ ಎಂಬುದೇ ಇಲ್ಲಿನ ಮುಖ್ಯ ಪ್ರತಿಪಾದನೆ.

೨. ಮತಯಂತ್ರ ಬಂದ ಬಗೆ

ವಿದ್ಯುನ್ಮಾನ ಯಂತ್ರದ ಆಲೋಚನೆಯು ಭಾರತದ ಚುನಾವಣಾ ಆಯೋಗದಲ್ಲಿ ಮೂಡಿದ್ದು ೧೯೭೭ರಲ್ಲಿ. ೧೯೭೯ರಲ್ಲಿ ಮಾದರಿ ಯಂತ್ರವು ಸಿದ್ಧವಾಯಿತು. ೧೯೮೦ರ ಆಗಸ್ಟ್‌ನಲ್ಲಿ ರಾಜಕೀಯ ಪಕ್ಷಗಳ ಪ್ರತಿನಿಧಿಗಳ ಎದುರು ಅದರ ಪ್ರದರ್ಶನ ನಡೆಯಿತು. ೧೯೮೨ರ ಮೇ ತಿಂಗಳಲ್ಲಿ ಕೇರಳದ ಪರೂರು ವಿಧಾನಸಭಾ ಕ್ಷೇತ್ರದ ೫೦ ಮತಗಟ್ಟೆಗಳಲ್ಲಿ ಮೊದಲ ಬಾರಿಗೆ ಯಂತ್ರದ ಮೂಲಕ ಮತದಾನವಾಯಿತು. ಅಲ್ಲಿ ೧೨೩ ಮತಗಳ ಅಂತರದಲ್ಲಿ ಸೋತ ಅಭ್ಯರ್ಥಿಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. ೧೯೮೪ರಲ್ಲಿ ನ್ಯಾಯಾಲಯವು ಆ ೫೦ ಮತಗಟ್ಟೆಗಳ ಮತದಾನವನ್ನು ರದ್ದುಗೊಳಿಸಿ ಮರುಮತದಾನಕ್ಕೆ ಆದೇಶಿಸಿತು. ಮರುಮತದಾನದಲ್ಲಿ ಫಲಿತಾಂಶವೇ ಬದಲಾಯಿತು. ಯಂತ್ರವು ತಪ್ಪು ಎಣಿಸಿತೆಂಬುದು ಈ ತೀರ್ಪಿಗೆ ಕಾರಣವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಅಂದಿನ ಕಾಯಿದೆ ಮತ್ತು ನಿಯಮಗಳು ಮತಪತ್ರವನ್ನು ಮಾತ್ರ ಹೇಳುತ್ತಿದ್ದವು. ಶಾಸನದ ಆಧಾರವಿಲ್ಲದೆ ಆಯೋಗವು ಮತದಾನದ ವಿಧಾನವನ್ನೇ ಬದಲಿಸುವಂತಿಲ್ಲ ಎಂಬುದು ತೀರ್ಪಿನ ತಿರುಳು.

ಆ ಕೊರತೆಯನ್ನು ಸಂಸತ್ತು ತುಂಬಿತು. ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಗೆ ೬೧ಎ ಕಲಮನ್ನು ಸೇರಿಸಿದ ತಿದ್ದುಪಡಿಯು ೧೯೮೯ರ ಮಾರ್ಚ್‌ನಲ್ಲಿ ಜಾರಿಗೆ ಬಂದಿತು. ೧೯೯೮ರ ನವೆಂಬರ್‌ನಲ್ಲಿ ಮಧ್ಯಪ್ರದೇಶ, ರಾಜಸ್ಥಾನ ಮತ್ತು ದೆಹಲಿಯ ಒಟ್ಟು ೧೬ ವಿಧಾನಸಭಾ ಕ್ಷೇತ್ರಗಳಲ್ಲಿ ಯಂತ್ರಗಳು ಬಳಕೆಯಾದವು. ೨೦೦೪ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ೫೪೩ ಕ್ಷೇತ್ರಗಳಲ್ಲೂ ಯಂತ್ರವೇ ಬಂದಿತು.

ಯಂತ್ರದಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು. ಮತಪತ್ರಗಳ ಕಾಲದಲ್ಲಿ ಮತಗಟ್ಟೆಗೆ ನುಗ್ಗಿದ ಗುಂಪು ಕೆಲವೇ ನಿಮಿಷಗಳಲ್ಲಿ ಮತಪತ್ರದ ಕಟ್ಟುಗಳಿಗೆ ಮುದ್ರೆಯೊತ್ತಿ ಪೆಟ್ಟಿಗೆ ತುಂಬಬಹುದಾಗಿತ್ತು. ಯಂತ್ರವು ನಿಮಿಷಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಮತಗಳನ್ನು ಸ್ವೀಕರಿಸುವುದಿಲ್ಲವಾದ್ದರಿಂದ ಆ ಬಗೆಯ ಅಕ್ರಮ ಕಷ್ಟವಾಯಿತು. ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಮುದ್ರೆ ಬಿದ್ದು ಮತವು ಅಸಿಂಧುವಾಗುವ ಪ್ರಮೇಯ ತಪ್ಪಿತು. ದಿನಗಟ್ಟಲೆ ನಡೆಯುತ್ತಿದ್ದ ಎಣಿಕೆ ಕೆಲವು ಗಂಟೆಗಳಿಗೆ ಇಳಿಯಿತು. ೧೯೯೯ರ ಬೆಂಗಳೂರು ಉತ್ತರ ಲೋಕಸಭಾ ಚುನಾವಣೆಗೆ ಸಂಬಂಧಿಸಿದ ತಕರಾರು ಅರ್ಜಿಯಲ್ಲಿ ಯಂತ್ರಗಳನ್ನು ಪ್ರಶ್ನಿಸಲಾಗಿತ್ತು. ೨೦೦೪ರಲ್ಲಿ ಅದನ್ನು ತೀರ್ಮಾನಿಸಿದ ಕರ್ನಾಟಕ ಉಚ್ಚ ನ್ಯಾಯಾಲಯವು ಈ ಯಂತ್ರವನ್ನು ತಂತ್ರಜ್ಞಾನದ ದೊಡ್ಡ ಸಾಧನೆಯೆಂದೂ ರಾಷ್ಟ್ರದ ಹೆಮ್ಮೆಯೆಂದೂ ಬಣ್ಣಿಸಿತು. ಆಯೋಗವು ಇಂದಿಗೂ ಯಂತ್ರದ ಸಮರ್ಥನೆಯಲ್ಲಿ ಈ ತೀರ್ಪನ್ನು ಉಲ್ಲೇಖಿಸುತ್ತದೆ.

೩. ಸಂಶಯದ ಸ್ವರೂಪ

ಹೀಗಿದ್ದೂ ಸಂಶಯವೇಕೆ? ಇದಕ್ಕೆ ಉತ್ತರವನ್ನು ಯಾವುದೋ ಒಂದು ಅಕ್ರಮದಲ್ಲಿ ಹುಡುಕಬೇಕಾಗಿಲ್ಲ. ಅದು ಯಂತ್ರದ ಸ್ವಭಾವದಲ್ಲೇ ಇದೆ. ಮತಪತ್ರದ ಎಣಿಕೆಯ ಮೇಲೆ ಆಕ್ಷೇಪ ಬಂದರೆ ಅದೇ ಮತಪತ್ರಗಳನ್ನು ಇನ್ನೊಬ್ಬರು ಮತ್ತೆ ಎಣಿಸಬಹುದು. ಕಾಗದವಿಲ್ಲದ ಯಂತ್ರದಲ್ಲಿ ಮರುಎಣಿಕೆ ಎಂದರೆ ಅದೇ ಗುಂಡಿಯನ್ನು ಮತ್ತೊಮ್ಮೆ ಒತ್ತಿ ಅದೇ ಸಂಖ್ಯೆಯನ್ನು ಮತ್ತೊಮ್ಮೆ ಓದುವುದು. ಮೊದಲ ಬಾರಿ ತಪ್ಪಾಗಿದ್ದರೆ ಎರಡನೆಯ ಬಾರಿಯೂ ತಪ್ಪೇ ಬರುತ್ತದೆ. ಮತವನ್ನು ದಾಖಲಿಸುವ, ಕಾಪಾಡುವ, ಎಣಿಸುವ ಮೂರು ಕೆಲಸಗಳೂ ಒಂದೇ ಸಾಧನದಲ್ಲಿ ಸೇರಿರುವಾಗ ಅದರ ಮಾತನ್ನು ಪರೀಕ್ಷಿಸಲು ಹೊರಗಿನ ಸಾಕ್ಷಿಯೇ ಇರುವುದಿಲ್ಲ.

೨೦೦೬ರಲ್ಲಿ ರೊನಾಲ್ಡ್ ರಿವೆಸ್ಟ್ ಮತ್ತು ಜಾನ್ ವ್ಯಾಕ್ ಎಂಬ ಅಮೆರಿಕದ ವಿದ್ವಾಂಸರು ಈ ವಿಚಾರಕ್ಕೆ ಒಂದು ಸೂತ್ರದ ರೂಪ ಕೊಟ್ಟರು. ತಂತ್ರಾಂಶದಲ್ಲಿ ಪತ್ತೆಯಾಗದೆ ಉಳಿದ ದೋಷ ಅಥವಾ ಬದಲಾವಣೆಯು ಫಲಿತಾಂಶದಲ್ಲಿ ಪತ್ತೆಯಾಗದ ತಪ್ಪಿಗೆ ಕಾರಣವಾಗುವಂತಿರಬಾರದು ಎಂಬುದು ಅದರ ಸಾರ. ಇದನ್ನು ತಂತ್ರಾಂಶದಿಂದ ಸ್ವಾತಂತ್ರ್ಯ ಎನ್ನಬಹುದು. ಯಂತ್ರವು ಕೆಟ್ಟಿದೆಯೆಂದು ಈ ಸೂತ್ರ ಹೇಳುವುದಿಲ್ಲ. ಕೆಟ್ಟಿದ್ದರೆ ಅದು ಗೊತ್ತಾಗುವ ದಾರಿಯೊಂದು ಇರಬೇಕೆಂದಷ್ಟೇ ಹೇಳುತ್ತದೆ.

ಅಮೆರಿಕದ ಅನುಭವವು ಇದನ್ನು ಚೆನ್ನಾಗಿ ತೋರಿಸುತ್ತದೆ. ೨೦೦೦ದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದ ಫಲಿತಾಂಶವು ೫೩೭ ಮತಗಳ ಅಂತರದ ಮೇಲೆ ನಿಂತಿತು. ಸರಿಯಾಗಿ ತೂತಾಗದ ಮತಕಾರ್ಡುಗಳನ್ನು ಓದುವ ಬಗ್ಗೆ ದೊಡ್ಡ ವಿವಾದವಾಯಿತು. ಅದರ ಪರಿಣಾಮವಾಗಿ ೨೦೦೨ರಲ್ಲಿ ಬಂದ ಕಾಯಿದೆಯ ಹಣದಿಂದ ಅನೇಕ ರಾಜ್ಯಗಳು ಕಾಗದವೇ ಇಲ್ಲದ, ಪರದೆ ಮುಟ್ಟಿ ಮತ ಹಾಕುವ ಯಂತ್ರಗಳನ್ನು ಕೊಂಡವು. ೨೦೦೬ರಲ್ಲಿ ಅದೇ ಫ್ಲಾರಿಡಾದ ಸಂಸತ್ ಕ್ಷೇತ್ರವೊಂದರಲ್ಲಿ ಗೆಲುವಿನ ಅಂತರ ೩೬೯ ಮತಗಳಷ್ಟಿತ್ತು. ಆ ಕ್ಷೇತ್ರಕ್ಕೆ ಸೇರಿದ ಸರಸೋಟಾ ಕೌಂಟಿಯಲ್ಲಿ ಸುಮಾರು ೧೮,೦೦೦ ಮತದಾರರು ಆ ಸ್ಥಾನಕ್ಕೆ ಮತವನ್ನೇ ಹಾಕಿಲ್ಲವೆಂದು ಯಂತ್ರಗಳು ತೋರಿಸಿದವು. ಅವರು ನಿಜವಾಗಿ ಮತ ಹಾಕಲಿಲ್ಲವೋ, ಪರದೆಯ ವಿನ್ಯಾಸದಿಂದ ಗೊಂದಲವಾಯಿತೋ, ಯಂತ್ರವು ದಾಖಲಿಸಲಿಲ್ಲವೋ ಎಂಬುದನ್ನು ನಿರ್ಣಯಿಸಲು ಕಾಗದವಿರಲಿಲ್ಲ. ಕೆಟ್ಟ ಕಾಗದದಿಂದ ಹುಟ್ಟಿದ ವಿವಾದವನ್ನು ಕಾಗದವನ್ನೇ ತೆಗೆದು ಪರಿಹರಿಸಹೊರಟವರಿಗೆ, ವಿವಾದವನ್ನು ಬಗೆಹರಿಸುವ ಸಾಧನವೇ ಕೈತಪ್ಪಿತು. ಮರುವರ್ಷವೇ ಫ್ಲಾರಿಡಾ ಕಾಗದದ ಮತಪತ್ರಗಳಿಗೆ ಮರಳುವ ಕಾನೂನನ್ನು ಮಾಡಿತು. ೨೦೧೮ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ವರದಿಯು ಎಲ್ಲ ಚುನಾವಣೆಗಳೂ ಮನುಷ್ಯರು ಓದಬಲ್ಲ ಕಾಗದದ ಮತಪತ್ರಗಳಿಂದಲೇ ನಡೆಯಬೇಕೆಂದು ಶಿಫಾರಸು ಮಾಡಿತು.

ಯೂರೋಪಿನ ಕೆಲವು ದೇಶಗಳು ಇನ್ನೂ ಮುಂದೆ ಹೋದವು. ನೆದರ್‌ಲೆಂಡ್ಸ್ ೨೦೦೮ರಲ್ಲಿ ಯಂತ್ರಗಳನ್ನು ಬಿಟ್ಟು ಕಾಗದ ಮತ್ತು ಪೆನ್ಸಿಲ್ಲಿಗೆ ಮರಳಿತು. ಐರ್ಲೆಂಡ್ ಕೋಟ್ಯಂತರ ಯೂರೋ ವೆಚ್ಚದ ಯಂತ್ರಗಳನ್ನು ವ್ಯಾಪಕ ಬಳಕೆಗೆ ತರದೆಯೇ ೨೦೦೯ರಲ್ಲಿ ಕೈಬಿಟ್ಟಿತು. ತಾತ್ವಿಕವಾಗಿ ಹೆಚ್ಚು ಮಹತ್ವದ್ದು ಜರ್ಮನಿಯ ಸಂವಿಧಾನ ನ್ಯಾಯಾಲಯವು ೨೦೦೯ರ ಮಾರ್ಚ್ ೩ರಂದು ಕೊಟ್ಟ ತೀರ್ಪು. ೨೦೦೫ರ ಸಂಸತ್ ಚುನಾವಣೆಯಲ್ಲಿ ಯಂತ್ರಗಳು ದುರುಪಯೋಗವಾದವೆಂದು ಅದು ಹೇಳಲಿಲ್ಲ. ಆ ಚುನಾವಣೆಯನ್ನು ರದ್ದು ಮಾಡಲೂ ಇಲ್ಲ. ಚುನಾವಣೆಯ ಮುಖ್ಯ ಹಂತಗಳನ್ನು ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಸಾಮಾನ್ಯ ನಾಗರಿಕರೂ ಪರೀಕ್ಷಿಸಬಲ್ಲಂತಿರಬೇಕು, ಚುನಾವಣೆಯ ಸಾರ್ವಜನಿಕತೆಯೆಂದರೆ ಇದೇ ಎಂದು ಸಾರಿತು. ತಜ್ಞರು ಒಪ್ಪಿದರೆ ಸಾಲದು, ಮತದಾರರಿಗೂ ಕಾಣಬೇಕು ಎಂಬ ಈ ತತ್ತ್ವವು ಕಾಗದದ ವಾದಕ್ಕೆ ಸಂವಿಧಾನದ ನೆಲೆಯನ್ನು ಒದಗಿಸಿತು.

೪. ಭಾರತದಲ್ಲಿ ಕಾಗದ ಮರಳಿದ ಬಗೆ

ಭಾರತದ ಯಂತ್ರವು ವಿದೇಶಿ ಯಂತ್ರಗಳಿಗಿಂತ ಬೇರೆಯಾದದ್ದು. ಅದು ಯಾವ ಜಾಲಕ್ಕೂ ಸೇರಿಲ್ಲ, ಸರಳವಾದ ಸಾಧನ. ಮತದಾನಕ್ಕೆ ಮೊದಲು ಪಕ್ಷಗಳ ಪ್ರತಿನಿಧಿಗಳ ಎದುರು ತಪಾಸಣೆ, ಯಾವ ಯಂತ್ರ ಯಾವ ಮತಗಟ್ಟೆಗೆ ಎಂಬುದನ್ನು ಎರಡು ಹಂತಗಳಲ್ಲಿ ಯಾದೃಚ್ಛಿಕವಾಗಿ ನಿರ್ಧರಿಸುವುದು, ಮತದಾನದ ಬೆಳಿಗ್ಗೆ ಕನಿಷ್ಠ ೫೦ ಮತಗಳ ಅಣಕು ಮತದಾನ, ಏಜೆಂಟರ ಸಹಿಯುಳ್ಳ ಮೊಹರುಗಳು, ಕಾವಲಿರುವ ಭದ್ರತಾ ಕೊಠಡಿ ಮುಂತಾದ ವ್ಯವಸ್ಥೆಗಳಿವೆ. ಆದರೂ ೨೦೧೦ರಲ್ಲಿ ಹರಿ ಪ್ರಸಾದ್, ಅಲೆಕ್ಸ್ ಹಾಲ್ಡರ್‌ಮನ್, ರಾಪ್ ಖೊಂಗ್ರೈಪ್ ಮತ್ತು ಅವರ ಸಹೋದ್ಯೋಗಿಗಳು ಯಂತ್ರವೊಂದನ್ನು ಪರೀಕ್ಷಿಸಿ, ಅದು ದುರುದ್ದೇಶವುಳ್ಳವರ ಕೈಗೆ ಸಿಕ್ಕರೆ ಅಂಕಿ ತೋರಿಸುವ ಭಾಗವನ್ನು ಬದಲಿಸಿಯೋ ಸ್ಮೃತಿಕೋಶಕ್ಕೆ ಪುಟ್ಟ ಸಾಧನವನ್ನು ಸಿಕ್ಕಿಸಿಯೋ ಫಲಿತಾಂಶವನ್ನು ತಿರುಚಬಹುದೆಂದು ತೋರಿಸಿದರು. ಆಡಳಿತಾತ್ಮಕ ರಕ್ಷಣೆಗಳಿರುವಾಗ ಇದು ವಾಸ್ತವದಲ್ಲಿ ಅಸಾಧ್ಯವೆಂಬುದು ಆಯೋಗದ ನಿಲುವಾಗಿತ್ತು. ಎರಡು ವಾದಗಳೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದವು: ಒಂದು ಯಂತ್ರದ ಬಗ್ಗೆ, ಇನ್ನೊಂದು ಕಾವಲಿನ ಬಗ್ಗೆ.

೨೦೧೦ರ ಅಕ್ಟೋಬರಿನ ಸರ್ವಪಕ್ಷ ಸಭೆಯಲ್ಲಿ ಕಾಗದದ ದಾಖಲೆಯ ಬೇಡಿಕೆ ಬಂದಾಗ ಆಯೋಗವು ಅದನ್ನು ಪಿ. ವಿ. ಇಂದಿರೇಶನ್ ಅವರ ಅಧ್ಯಕ್ಷತೆಯ ತಾಂತ್ರಿಕ ತಜ್ಞರ ಸಮಿತಿಗೆ ಒಪ್ಪಿಸಿತು. ೨೦೧೧ರ ಜುಲೈಯಲ್ಲಿ ಲೇಹ್, ತಿರುವನಂತಪುರ, ಚಿರಾಪುಂಜಿ, ಜೈಸಲ್ಮೇರ್ ಮತ್ತು ಪೂರ್ವ ದೆಹಲಿಗಳಲ್ಲಿ, ಅಂದರೆ ಚಳಿ, ತೇವ, ಮಳೆ, ಬಿಸಿಲುಗಳ ವಿಭಿನ್ನ ಹವೆಗಳಲ್ಲಿ, ಪ್ರಯೋಗಗಳು ನಡೆದವು. ೨೦೧೩ರ ಆಗಸ್ಟ್‌ನಲ್ಲಿ ಚುನಾವಣೆ ನಡೆಸುವ ನಿಯಮಗಳಿಗೆ ತಿದ್ದುಪಡಿಯಾಯಿತು. ಮುಂದಿನ ತಿಂಗಳು ನಾಗಾಲ್ಯಾಂಡಿನ ನೊಕ್ಸೆನ್ ಉಪಚುನಾವಣೆಯಲ್ಲಿ ಮತಖಾತರಿ ಯಂತ್ರ, ಎಂದರೆ ವಿವಿಪ್ಯಾಟ್, ಮೊದಲ ಬಾರಿಗೆ ಬಳಕೆಯಾಯಿತು. ೨೦೧೩ರ ಅಕ್ಟೋಬರ್ ೮ರಂದು ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಮುಕ್ತ ಮತ್ತು ನ್ಯಾಯಸಮ್ಮತ ಚುನಾವಣೆಗೆ ಕಾಗದದ ದಾಖಲೆಯು ಅನಿವಾರ್ಯವೆಂದು ಹೇಳಿ ಅದನ್ನು ಹಂತಹಂತವಾಗಿ ಜಾರಿಗೆ ತರಲು ನಿರ್ದೇಶಿಸಿತು. ೨೦೧೪ರ ಲೋಕಸಭಾ ಚುನಾವಣೆಯಲ್ಲಿ ಈ ಯಂತ್ರವಿದ್ದ ಎಂಟು ಕ್ಷೇತ್ರಗಳಲ್ಲಿ ಬೆಂಗಳೂರು ದಕ್ಷಿಣವೂ ಒಂದು. ೨೦೧೭ರಲ್ಲಿ ಕೇಂದ್ರ ಸಂಪುಟವು ೧೬,೧೫,೦೦೦ ಯಂತ್ರಗಳ ಖರೀದಿಗೆ ಒಪ್ಪಿಗೆ ಕೊಟ್ಟಿತು. ೨೦೧೮ರ ಕರ್ನಾಟಕ ವಿಧಾನಸಭಾ ಚುನಾವಣೆಯ ಹೊತ್ತಿಗೆ ರಾಜ್ಯದ ಎಲ್ಲ ಮತಗಟ್ಟೆಗಳಿಗೂ ಅದು ಬಂದಿತು.

ಇದರ ಕೆಲಸ ಹೀಗೆ. ಮತದಾರರು ಬ್ಯಾಲೆಟ್ ಯೂನಿಟ್ಟಿನ ಗುಂಡಿಯೊತ್ತಿದೊಡನೆ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು ಮತ್ತು ಚಿಹ್ನೆಯುಳ್ಳ ಚೀಟಿಯೊಂದು ಮುದ್ರಣಗೊಂಡು ಗಾಜಿನ ಕಿಂಡಿಯ ಹಿಂದೆ ಏಳು ಸೆಕೆಂಡುಗಳ ಕಾಲ ಕಾಣಿಸುತ್ತದೆ. ಆಮೇಲೆ ಅದು ತಾನಾಗಿ ಕತ್ತರಿಸಿಕೊಂಡು ಮೊಹರಾದ ಪೆಟ್ಟಿಗೆಯೊಳಗೆ ಬೀಳುತ್ತದೆ. ಚೀಟಿಯು ಮತದಾರರ ಕೈಗೆ ಬರುವುದಿಲ್ಲ. ಬಂದರೆ ಅದನ್ನು ತೋರಿಸಿ ಹಣ ಪಡೆಯುವ ದಾರಿ ತೆರೆದು ಮತದ ಗೌಪ್ಯವೇ ಹಾಳಾಗುತ್ತದೆ.

ನಿಯಮಗಳಲ್ಲಿ ಎರಡು ಅಂಶಗಳು ವಿಶೇಷವಾಗಿ ಗಮನಾರ್ಹ. ಒಂದು, ೪೯ಎಂಎ ನಿಯಮ. ಚೀಟಿಯಲ್ಲಿ ಬೇರೆ ಅಭ್ಯರ್ಥಿಯ ಹೆಸರು ಬಂದಿತೆಂದು ಮತದಾರರು ಆಕ್ಷೇಪಿಸಿದರೆ, ಮತಗಟ್ಟೆಯ ಅಧಿಕಾರಿಯು ಅವರಿಂದ ಲಿಖಿತ ಘೋಷಣೆ ಪಡೆದು ಪರೀಕ್ಷಾ ಮತವನ್ನು ಹಾಕಿಸುತ್ತಾರೆ; ಆಕ್ಷೇಪ ಸುಳ್ಳೆಂದು ಕಂಡರೆ ಶಿಕ್ಷೆಗೆ ಗುರಿಯಾಗಬೇಕಾಗುತ್ತದೆ. ಪರೀಕ್ಷಾ ಮತ ಸರಿಯಾಗಿ ಬಂದ ಮಾತ್ರಕ್ಕೆ ಹಿಂದಿನ ಮತವೂ ಸರಿಯಿತ್ತೆಂದು ಸಿದ್ಧವಾಗದು. ಆದರೂ ಅದರ ಹೊರೆ ಮತದಾರರ ಮೇಲೆ ಬೀಳುತ್ತದೆ. ಇನ್ನೊಂದು, ೫೬ಡಿ ನಿಯಮ. ಅಭ್ಯರ್ಥಿಯು ಚೀಟಿಗಳ ಎಣಿಕೆಗಾಗಿ ಚುನಾವಣಾಧಿಕಾರಿಗೆ ಅರ್ಜಿ ಕೊಡಬಹುದು. ಹಾಗೆ ಎಣಿಸಿದಾಗ ಯಂತ್ರದ ಸಂಖ್ಯೆಗೂ ಚೀಟಿಗಳ ಸಂಖ್ಯೆಗೂ ವ್ಯತ್ಯಾಸ ಕಂಡರೆ ಚೀಟಿಗಳ ಎಣಿಕೆಯೇ ಊರ್ಜಿತ. ಅಂದರೆ ಭಾರತದ ಕಾನೂನು ಕಾಗದವನ್ನು ಯಂತ್ರಕ್ಕಿಂತ ಮೇಲಿನ ಸಾಕ್ಷಿಯೆಂದು ಒಪ್ಪಿದೆ. ಆ ಸಾಕ್ಷಿಯನ್ನು ಎಷ್ಟು ಸಲ ಕರೆಸಬೇಕು ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ.

೫. ಎಷ್ಟು ಎಣಿಸಬೇಕು?

೨೦೧೮ರ ಆರಂಭದಲ್ಲಿ ಆಯೋಗವು ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಯಾದೃಚ್ಛಿಕವಾಗಿ ಆರಿಸಿದ ಒಂದು ಮತಗಟ್ಟೆಯ ಚೀಟಿಗಳನ್ನು ಎಣಿಸಬೇಕೆಂದು ನಿಗದಿಪಡಿಸಿತು. ೨೦೧೯ರಲ್ಲಿ ೨೧ ವಿರೋಧ ಪಕ್ಷಗಳ ನಾಯಕರು ಶೇಕಡ ೫೦ರಷ್ಟು ಎಣಿಸಬೇಕೆಂದು ಕೇಳಿದರು. ಅದರಿಂದ ಫಲಿತಾಂಶ ಐದಾರು ದಿನ ತಡವಾಗುತ್ತದೆಂದು ಆಯೋಗ ಹೇಳಿತು. ೨೦೧೯ರ ಏಪ್ರಿಲ್ ೮ರಂದು ಸರ್ವೋಚ್ಚ ನ್ಯಾಯಾಲಯವು ಒಂದರ ಬದಲು ಐದು ಮತಗಟ್ಟೆಗಳೆಂದು ತೀರ್ಮಾನಿಸಿತು. ಅದೇ ಪದ್ಧತಿ ಮುಂದುವರಿದಿದೆ.

ಐದು ಸಾಕೇ? ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮೂಲಕ ಆಯೋಗಕ್ಕೆ ಸಲ್ಲಿಕೆಯಾದ ವರದಿಯು ದೇಶದ ಎಲ್ಲ ಯಂತ್ರಗಳಿಂದ ೪೭೯ನ್ನು ಆರಿಸಿ ಪರೀಕ್ಷಿಸಿದರೂ ಸಾಕೆಂದಿತ್ತು. ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮತಗಟ್ಟೆಗಳಿರುವಾಗ ೪೭೯ ಹೇಗೆ ಸಾಕಾಗುತ್ತದೆ ಎಂದು ಅನೇಕರು ಅಚ್ಚರಿಪಟ್ಟರು. ಲೆಕ್ಕದಲ್ಲಿ ತಪ್ಪಿಲ್ಲ. ದೇಶದಾದ್ಯಂತ ಶೇಕಡ ಎರಡರಷ್ಟು ಯಂತ್ರಗಳು ಕೆಟ್ಟಿದ್ದರೆ, ಯಾದೃಚ್ಛಿಕವಾಗಿ ಆರಿಸಿದ ೪೭೯ರಲ್ಲಿ ಒಂದಾದರೂ ಸಿಗುವುದು ಬಹುತೇಕ ಖಚಿತ. ಆದರೆ ಈ ಲೆಕ್ಕವು ಇಡೀ ದೇಶವನ್ನು ಒಂದೇ ಘಟಕವೆಂದು ಭಾವಿಸುತ್ತದೆ. ಚುನಾವಣೆಯ ಘಟಕ ದೇಶವಲ್ಲ, ಕ್ಷೇತ್ರ. ದೇಶದ ಯಂತ್ರಗಳು ಒಟ್ಟಾರೆ ಸರಿಯಿವೆ ಎಂಬ ಭರವಸೆಯು ನಿರ್ದಿಷ್ಟ ಕ್ಷೇತ್ರವೊಂದರಲ್ಲಿ ಸೋತವರ ಪ್ರಶ್ನೆಗೆ ಉತ್ತರವಾಗದು.

ಕರ್ನಾಟಕವನ್ನೇ ಉದಾಹರಣೆಯಾಗಿ ನೋಡಬಹುದು. ೨೦೨೩ರ ವಿಧಾನಸಭಾ ಚುನಾವಣೆಯಲ್ಲಿ ೨೨೪ ಕ್ಷೇತ್ರಗಳಿಗೆ ಸುಮಾರು ೫೮ ಸಾವಿರ ಮತಗಟ್ಟೆಗಳಿದ್ದವು. ಕ್ಷೇತ್ರಕ್ಕೆ ಸರಾಸರಿ ೨೬೦. ಇಂಥ ಕ್ಷೇತ್ರದ ಐದು ಯಂತ್ರಗಳು ತಪ್ಪು ಎಣಿಸುತ್ತಿವೆಯೆಂದು ಲೆಕ್ಕಕ್ಕಾಗಿ ಊಹಿಸೋಣ. ೨೬೦ರಲ್ಲಿ ಐದನ್ನು ಆರಿಸಿ ಪರೀಕ್ಷಿಸಿದಾಗ ಅವುಗಳಲ್ಲಿ ಒಂದಾದರೂ ಸಿಗುವ ಸಂಭವ ನೂರಕ್ಕೆ ಒಂಬತ್ತರಷ್ಟು ಮಾತ್ರ. ೨೬ ಯಂತ್ರಗಳು ಕೆಟ್ಟಿದ್ದರೆ ಅದು ನೂರಕ್ಕೆ ೪೧. ನೂರಕ್ಕೆ ೯೫ರಷ್ಟು ಖಾತರಿ ಬೇಕಾದರೆ, ಕೆಟ್ಟವು ೨೬ ಇದ್ದಾಗ ೨೭ ಯಂತ್ರಗಳನ್ನೂ, ಐದೇ ಇದ್ದಾಗ ಸುಮಾರು ೧೧೭ ಯಂತ್ರಗಳನ್ನೂ ಪರೀಕ್ಷಿಸಬೇಕಾಗುತ್ತದೆ. ಲೋಕಸಭಾ ಕ್ಷೇತ್ರದಲ್ಲಿ ಸ್ಥಿತಿ ಕೊಂಚ ಮೇಲು. ಕರ್ನಾಟಕದ ಪ್ರತಿ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿರುವುದರಿಂದ ೪೦ ಯಂತ್ರಗಳ ಪರೀಕ್ಷೆಯಾಗುತ್ತದೆ; ಪ್ರತಿ ವಿಧಾನಸಭಾ ಕ್ಷೇತ್ರದಲ್ಲೂ ಐದೈದು ಯಂತ್ರಗಳು ಕೆಟ್ಟಿದ್ದರೆ ಪತ್ತೆಯಾಗುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು.

ಈ ಅಂಕಿಗಳಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ವ್ಯಾಪಕವಾದ ದೋಷ ಅಥವಾ ಅಕ್ರಮವನ್ನು ಈಗಿನ ಪರೀಕ್ಷೆ ಖಂಡಿತ ಹಿಡಿಯುತ್ತದೆ, ಅಂಥದ್ದು ಕಂಡುಬಂದಿಲ್ಲ. ಆದರೆ ಒಂದು ಕ್ಷೇತ್ರದ ಕೆಲವೇ ಯಂತ್ರಗಳ ದೋಷವನ್ನು ಹಿಡಿಯುವ ಶಕ್ತಿ ಅದಕ್ಕೆ ಕಡಿಮೆ. ಗೆಲುವಿನ ಅಂತರ ಇಪ್ಪತ್ತು ಸಾವಿರವಿದ್ದಲ್ಲಿ ಐದು ಯಂತ್ರಗಳ ದೋಷದಿಂದ ಫಲಿತಾಂಶ ಬದಲಾಗದು. ಅಂತರವು ಕೆಲವೇ ಮತಗಳಿಗೆ ಇಳಿದಾಗ ಒಂದು ಯಂತ್ರವೇ ಸಾಕು. ೨೦೨೩ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರವು ೧೬ ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಮಾಲೂರಿನ ಅಂತರ ೨೪೮. ಅಲ್ಲಿ ೨೦೨೫ರ ಸೆಪ್ಟೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಮರುಎಣಿಕೆಗೆ ಆದೇಶಿಸಿತು. ಜಯನಗರದ ಮರುಎಣಿಕೆಯ ರಾತ್ರಿಯ ವಿವಾದವೆಲ್ಲ ಅಂಚೆ ಮತಪತ್ರಗಳ ಸುತ್ತ ನಡೆಯಿತೆಂಬುದು ಅರ್ಥಪೂರ್ಣ. ಕೈಯಲ್ಲಿ ಹಿಡಿದು ಚರ್ಚಿಸಬಹುದಾದ ಮತಗಳು ಅವೇ ಆಗಿದ್ದವು.

ಆದ್ದರಿಂದ ಎಲ್ಲೆಡೆಗೂ ಒಂದೇ ಸಂಖ್ಯೆ ಎಂಬ ನಿಯಮಕ್ಕೆ ಬದಲಾಗಿ ಗೆಲುವಿನ ಅಂತರಕ್ಕೆ ತಕ್ಕಂತೆ ಮಾದರಿಯ ಗಾತ್ರವನ್ನು ನಿರ್ಧರಿಸುವುದು ಹೆಚ್ಚು ಶಾಸ್ತ್ರೀಯ. ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್ ೨೦೦೮ರಿಂದ ಬೆಳೆಸಿದ ಅಪಾಯಮಿತಿ ಪರಿಶೋಧನೆಯ ತತ್ತ್ವ ಇದೇ. ತಪ್ಪು ಫಲಿತಾಂಶವೊಂದು ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ಸಂಭವಕ್ಕೆ ಮೊದಲೇ ಒಂದು ಮಿತಿ ಹಾಕಿ, ಆ ಮಿತಿ ಸಾಧಿಸುವವರೆಗೆ ಎಣಿಕೆಯನ್ನು ಮುಂದುವರಿಸುವುದು ಅದರ ಕ್ರಮ. ಅಂತರ ದೊಡ್ಡದಿದ್ದರೆ ಬೇಗ ಮುಗಿಯುತ್ತದೆ. ಚಿಕ್ಕದಿದ್ದರೆ ಪೂರ್ಣ ಎಣಿಕೆಯವರೆಗೂ ಹೋಗಬಹುದು. ಕೊಲೊರಾಡೊ ರಾಜ್ಯವು ೨೦೧೭ರಲ್ಲಿ ಇದನ್ನು ರಾಜ್ಯಾದ್ಯಂತ ಜಾರಿಗೆ ತಂದಿತು. ೨೦೨೦ರಲ್ಲಿ ಜಾರ್ಜಿಯಾ ರಾಜ್ಯದ ಅಧ್ಯಕ್ಷೀಯ ಚುನಾವಣೆಯ ಅಂತರ ಸುಮಾರು ೧೨ ಸಾವಿರಕ್ಕೆ ಇಳಿದಾಗ ಸುಮಾರು ೫೦ ಲಕ್ಷ ಮತಪತ್ರಗಳನ್ನೂ ಕೈಯಿಂದಲೇ ಎಣಿಸಲಾಯಿತು. ಕೆಲವು ಕೌಂಟಿಗಳಲ್ಲಿ ಲೆಕ್ಕಕ್ಕೆ ಬಾರದೆ ಉಳಿದಿದ್ದ ಸಾವಿರಾರು ಮತಗಳು ಆಗ ಸಿಕ್ಕಿದವು. ಗೆದ್ದವರು ಮಾತ್ರ ಬದಲಾಗಲಿಲ್ಲ.

೬. ೨೦೨೪ರ ತೀರ್ಪು

ಮತಪತ್ರಕ್ಕೆ ಮರಳಬೇಕು, ಇಲ್ಲವೇ ಚೀಟಿಯನ್ನು ಮತದಾರರ ಕೈಗೆ ಕೊಟ್ಟು ಅವರೇ ಪೆಟ್ಟಿಗೆಗೆ ಹಾಕುವಂತಾಗಬೇಕು, ಅದೂ ಇಲ್ಲದಿದ್ದರೆ ಎಲ್ಲ ಚೀಟಿಗಳನ್ನೂ ಎಣಿಸಬೇಕು ಎಂಬ ಮೂರು ಬೇಡಿಕೆಗಳನ್ನು ಪ್ರಜಾಪ್ರಭುತ್ವ ಸುಧಾರಣೆಗಳ ಸಂಘವು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟಿತು. ೨೦೨೪ರ ಏಪ್ರಿಲ್ ೨೬ರಂದು ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಂಕರ್ ದತ್ತಾ ಅವರು ಪ್ರತ್ಯೇಕವಾದರೂ ಒಮ್ಮತದ ತೀರ್ಪುಗಳಲ್ಲಿ ಮೂರನ್ನೂ ತಿರಸ್ಕರಿಸಿದರು. ಆವರೆಗೆ ೪೧,೬೨೯ ಯಂತ್ರಗಳ ನಾಲ್ಕು ಕೋಟಿಗೂ ಹೆಚ್ಚು ಚೀಟಿಗಳನ್ನು ತಾಳೆ ನೋಡಲಾಗಿದ್ದು, ಒಬ್ಬ ಅಭ್ಯರ್ಥಿಯ ಮತ ಇನ್ನೊಬ್ಬರಿಗೆ ಹೋದ ನಿದರ್ಶನವಿಲ್ಲವೆಂಬ ಆಯೋಗದ ವಿವರಣೆಗೆ ನ್ಯಾಯಾಲಯ ತೂಕ ಕೊಟ್ಟಿತು. ಆಂಧ್ರಪ್ರದೇಶದ ಒಂದು ಮತಗಟ್ಟೆಯಲ್ಲಿ ಕಂಡ ವ್ಯತ್ಯಾಸಕ್ಕೆ ಅಣಕು ಮತದಾನದ ಅಂಕಿಗಳನ್ನು ಅಳಿಸದೆ ಬಿಟ್ಟದ್ದೇ ಕಾರಣವಾಗಿತ್ತು.

ಆದರೆ ನ್ಯಾಯಾಲಯವು ಎರಡು ಹೊಸ ನಿರ್ದೇಶನಗಳನ್ನು ಕೊಟ್ಟಿತು. ಎರಡನೆಯ ಅಥವಾ ಮೂರನೆಯ ಸ್ಥಾನ ಪಡೆದ ಅಭ್ಯರ್ಥಿಯು ಏಳು ದಿನಗಳೊಳಗೆ ಅರ್ಜಿ ಕೊಟ್ಟರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇಕಡ ಐದ‌ರಷ್ಟು ಯಂತ್ರಗಳ ಸ್ಮೃತಿಕೋಶವನ್ನು ತಯಾರಕ ಸಂಸ್ಥೆಯ ಎಂಜಿನಿಯರರು ತಪಾಸಣೆ ಮಾಡಬೇಕು. ವೆಚ್ಚ ಅಭ್ಯರ್ಥಿಯದು, ಅಕ್ರಮ ಸಿದ್ಧವಾದರೆ ಹಣ ವಾಪಸು. ಈ ತಪಾಸಣೆಯ ವೇಳೆ ಯಂತ್ರದಲ್ಲಿರುವ ದತ್ತಾಂಶವನ್ನು ಅಳಿಸಬಾರದೆಂದು ೨೦೨೫ರ ಫೆಬ್ರುವರಿಯಲ್ಲಿ ನ್ಯಾಯಾಲಯ ಸ್ಪಷ್ಟಪಡಿಸಬೇಕಾಯಿತು. ಇನ್ನೊಂದು ನಿರ್ದೇಶನವು ಚಿಹ್ನೆಗಳನ್ನು ತುಂಬುವ ಸಾಧನಕ್ಕೆ ಸಂಬಂಧಿಸಿದ್ದು. ಅದನ್ನು ಮೊಹರು ಮಾಡಿ ಫಲಿತಾಂಶದ ನಂತರ ೪೫ ದಿನ ಕಾಪಾಡಬೇಕು.

ಈ ಎರಡನೆಯ ನಿರ್ದೇಶನದ ಹಿಂದೆ ಒಂದು ಸೂಕ್ಷ್ಮವಿದೆ. ಹಳೆಯ ಮತಯಂತ್ರಕ್ಕೆ ಅಭ್ಯರ್ಥಿಗಳ ಹೆಸರೇ ತಿಳಿದಿರಲಿಲ್ಲ. ಮೂರನೆಯ ಗುಂಡಿ ಇಷ್ಟು ಸಲ ಒತ್ತಲಾಯಿತು ಎಂಬುದಷ್ಟೇ ಅದಕ್ಕೆ ಗೊತ್ತು. ಈ ಅಜ್ಞಾನವೇ ಅದರ ದೊಡ್ಡ ರಕ್ಷಣೆಯಾಗಿತ್ತು. ಚೀಟಿಯಲ್ಲಿ ಹೆಸರು ಮತ್ತು ಚಿಹ್ನೆಗಳನ್ನು ಮುದ್ರಿಸಬೇಕಾದಾಗ ಅವನ್ನು ಮುದ್ರಣ ಯಂತ್ರದೊಳಗೆ ತುಂಬುವುದು ಅನಿವಾರ್ಯವಾಯಿತು. ಹೀಗೆ ವಿಶ್ವಾಸ ಹೆಚ್ಚಿಸಲು ಬಂದ ಕಾಗದವೇ ಕಾಯಬೇಕಾದ ಇನ್ನೊಂದು ಬಾಗಿಲನ್ನೂ ತೆರೆಯಿತು. ಇದು ಕಾಗದವನ್ನು ಬೇಡವೆನ್ನಲು ಕಾರಣವಲ್ಲ. ಕಾಗದವನ್ನು ಎಣಿಸದೆ ಬಿಡಬಾರದೆನ್ನಲು ಕಾರಣ.

೭. ಕಾಗದದ ಮಿತಿಗಳು

ಕಾಗದವೊಂದೇ ಎಲ್ಲಕ್ಕೂ ಪರಿಹಾರವೆಂದು ತಿಳಿಯುವುದು ತಪ್ಪು. ಮೊದಲನೆಯದಾಗಿ, ಮತದಾರರು ಚೀಟಿಯನ್ನು ನೋಡಬೇಕು. ೨೦೨೦ರಲ್ಲಿ ಪ್ರಕಟವಾದ ಮಿಷಿಗನ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, ಯಂತ್ರವು ಉದ್ದೇಶಪೂರ್ವಕವಾಗಿ ತಪ್ಪು ಮುದ್ರಿಸಿ ಕೊಟ್ಟ ಮತಪತ್ರಗಳನ್ನು, ಯಾವ ಸೂಚನೆಯೂ ಇಲ್ಲದಿದ್ದಾಗ, ಪರಿಶೀಲಿಸಿದವರು ನೂರಕ್ಕೆ ೪೦; ತಪ್ಪನ್ನು ಅಧಿಕಾರಿಗೆ ತಿಳಿಸಿದವರು ನೂರಕ್ಕೆ ಏಳಕ್ಕಿಂತ ಕಡಿಮೆ. ಮತದಾರರೇ ಗುರುತು ಹಾಕಿದ ಮತಪತ್ರ ಮತ್ತು ಯಂತ್ರ ಮುದ್ರಿಸಿದ ಚೀಟಿ ಇವೆರಡೂ ಸಮಾನ ಸಾಕ್ಷ್ಯಗಳಲ್ಲವೆಂಬ ವಾದಕ್ಕೆ ಇದು ಆಧಾರ. ಏಳು ಸೆಕೆಂಡುಗಳಲ್ಲಿ ಚೀಟಿಯನ್ನು ಓದುವ ಅಭ್ಯಾಸವನ್ನು ಮತದಾರರ ಶಿಕ್ಷಣದ ಭಾಗವಾಗಿಸದಿದ್ದರೆ ಮತಖಾತರಿ ಎಂಬ ಹೆಸರಿಗೆ ಅರ್ಥ ಉಳಿಯದು.

ಎರಡನೆಯದಾಗಿ, ಕಾಗದವನ್ನು ಕಾಯಬೇಕು. ಪೆಟ್ಟಿಗೆ ಬದಲಾದರೆ ಚೀಟಿಯೂ ಸುಳ್ಳು ಹೇಳುತ್ತದೆ. ಮತಪತ್ರಗಳ ಕಾಲದ ಅಕ್ರಮಗಳೆಲ್ಲ ಕಾಗದದ ಮೇಲೆಯೇ ನಡೆದವೆಂಬುದನ್ನು ಮರೆಯಬಾರದು. ಮೂರನೆಯದಾಗಿ, ಕೈ ಎಣಿಕೆಯಲ್ಲೂ ತಪ್ಪುಗಳಾಗುತ್ತವೆ. ಸಣ್ಣ ಚೀಟಿಗಳನ್ನು ಬೇರ್ಪಡಿಸಿ ಎಣಿಸುವುದು ಮತಗಟ್ಟೆಯೊಂದಕ್ಕೆ ಸುಮಾರು ಒಂದು ಗಂಟೆಯ ಕೆಲಸವೆಂದು ಆಯೋಗ ಹೇಳುತ್ತದೆ. ಚೀಟಿಗಳ ಎಣಿಕೆಗೆ ಪ್ರತ್ಯೇಕ ಯಂತ್ರವನ್ನೂ ಬಾರ್‌ಕೋಡನ್ನೂ ಬಳಸಬಹುದೇ ಎಂದು ಪರಿಶೀಲಿಸಲು ೨೦೨೪ರ ತೀರ್ಪಿನಲ್ಲಿ ಸೂಚಿಸಲಾಗಿದೆ. ಬಾರ್‌ಕೋಡನ್ನು ಮನುಷ್ಯರು ಓದಲಾರರು. ಮತದಾರರು ಓದಿ ಒಪ್ಪಿದ ಬರಹವನ್ನು ಬಿಟ್ಟು ಅವರು ಓದದ ಗೆರೆಗಳನ್ನು ಎಣಿಸಿದರೆ ಮೂಲ ಸಮಸ್ಯೆಯೇ ಹಿಂದಿರುಗುವ ಅಪಾಯವಿದೆ.

೨೦೨೫ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟವು ಸ್ಥಳೀಯ ಸಂಸ್ಥೆಗಳ ಚುನಾವಣೆಗಳನ್ನು ಮತಪತ್ರಗಳ ಮೂಲಕ ನಡೆಸುವಂತೆ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ತೀರ್ಮಾನಿಸಿತು. ಇದರ ರಾಜಕೀಯ ಸರಿತಪ್ಪುಗಳು ಈ ಲೇಖನದ ವ್ಯಾಪ್ತಿಗೆ ಹೊರಗಿನವು. ಆದರೆ ಸಂಶಯಕ್ಕೆ ಯಂತ್ರವನ್ನು ತೊರೆಯುವುದೊಂದೇ ಉತ್ತರವಲ್ಲ ಎಂಬುದನ್ನು ಹೇಳಬೇಕು. ಯಂತ್ರದ ವೇಗವನ್ನೂ ಕಾಗದದ ಸಾಕ್ಷ್ಯವನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಮಧ್ಯದ ದಾರಿಯನ್ನು ನಾವು ಪೂರ್ತಿಯಾಗಿ ನಡೆದು ನೋಡಿಲ್ಲ.

೮. ಸಮಾರೋಪ

ಮೇಲಿನ ವಿವೇಚನೆಯಿಂದ ನಾಲ್ಕು ಅಂಶಗಳನ್ನು ಮುಂದಿಡಬಹುದು. ಒಂದು, ಎಣಿಸಬೇಕಾದ ಚೀಟಿಗಳ ಪ್ರಮಾಣವನ್ನು ಕ್ಷೇತ್ರದ ಗೆಲುವಿನ ಅಂತರಕ್ಕೆ ಹೊಂದಿಸಬೇಕು. ಅಂತರ ತೀರ ಕಡಿಮೆಯಿರುವಲ್ಲಿ ಪೂರ್ಣ ಎಣಿಕೆಯೇ ನಿಯಮವಾಗಬೇಕು. ಎರಡು, ಈ ಎಣಿಕೆಯು ಫಲಿತಾಂಶದ ಘೋಷಣೆಗೆ ಮೊದಲೇ ಮುಗಿಯಬೇಕು. ಮೂರು, ಆರಿಸಿದ ಮತಗಟ್ಟೆಯಲ್ಲಿ ವ್ಯತ್ಯಾಸ ಕಂಡರೆ ಆ ಮತಗಟ್ಟೆಯ ಅಂಕಿಯನ್ನು ತಿದ್ದಿದರೆ ಸಾಲದು. ಪರೀಕ್ಷೆಯನ್ನು ಉಳಿದ ಮತಗಟ್ಟೆಗಳಿಗೆ ಯಾವ ಕ್ರಮದಲ್ಲಿ ವಿಸ್ತರಿಸಬೇಕೆಂಬುದು ಮೊದಲೇ ಲಿಖಿತವಾಗಿರಬೇಕು. ನಾಲ್ಕು, ಆಕ್ಷೇಪಿಸುವ ಮತದಾರರ ಮೇಲಿನ ಶಿಕ್ಷೆಯ ಭಯವನ್ನು ತಗ್ಗಿಸಬೇಕು. ಇವುಗಳಿಗೆ ಹೊಸ ಯಂತ್ರ ಬೇಕಾಗಿಲ್ಲ. ಪ್ರತಿ ಮತಗಟ್ಟೆಯ ಪೆಟ್ಟಿಗೆಯಲ್ಲಿ ಈಗಾಗಲೇ ಬಿದ್ದಿರುವ ಚೀಟಿಗಳೇ ಸಾಕು.

ಚುನಾವಣೆಯಲ್ಲಿ ಗೆದ್ದವರನ್ನು ಒಪ್ಪಿಸುವುದು ಕಷ್ಟವಲ್ಲ. ಸೋತವರೂ ಅವರ ಬೆಂಬಲಿಗರೂ ತಾವು ನ್ಯಾಯವಾಗಿ ಸೋತೆವೆಂದು ಒಪ್ಪಿ ಮನೆಗೆ ಹೋಗುವಂತಾಗುವುದೇ ಚುನಾವಣಾ ವ್ಯವಸ್ಥೆಯ ನಿಜವಾದ ಪರೀಕ್ಷೆ. ಪರೂರಿನಲ್ಲಿ ೧೨೩ ಮತಗಳಿಂದ ಸೋತವರು ೧೯೮೨ರಲ್ಲಿ ಕೇಳಿದ ಪ್ರಶ್ನೆಗೆ ಅಂದು ಶಾಸನದ ಆಧಾರವಿಲ್ಲವೆಂಬ ಉತ್ತರ ಸಿಕ್ಕಿತು. ಇಂದು ಶಾಸನವಿದೆ, ಯಂತ್ರವಿದೆ, ಕಾಗದವೂ ಇದೆ. ಮುಂದೆ ಅಷ್ಟೇ ಕಡಿಮೆ ಅಂತರದಲ್ಲಿ ಸೋಲುವವರು ಅದೇ ಪ್ರಶ್ನೆಯನ್ನು ಕೇಳಿದಾಗ ಪೆಟ್ಟಿಗೆಯನ್ನು ತೆರೆದು ಅವರ ಎದುರೇ ಚೀಟಿಗಳನ್ನು ಎಣಿಸಿ ತೋರಿಸುವ ವ್ಯವಸ್ಥೆ ನಮ್ಮದಾಗಬೇಕು.